ಫೋನಿನಲ್ಲಿ ಕಥೆ ಹೇಳುವವರು ತಿಳಿದಿರಬೇಕಾದದ್ದು: ಧ್ವನಿ, ದೃಶ್ಯ, ಅಕ್ಷರ ಮತ್ತು ಕಾಪಿರೈಟ್

ಕಾಸರಗೋಡಿನಿಂದ ಕುಂದಾಪುರದವರೆಗೆ ನಮ್ಮ ಯುವಕ ಯುವತಿಯರ ಕೈಯಲ್ಲಿ ಈಗ ಒಳ್ಳೆಯ ಕ್ಯಾಮೆರಾ ಇರುವ ಫೋನ್ ಉಂಟು. ಮದುವೆ, ಮೀಲಾದ್ ಜಾಥಾ, ಮದ್ರಸದ ವಾರ್ಷಿಕೋತ್ಸವ, ಊರಿನ ಹಿರಿಯರ ಸಂದರ್ಶನ, ಉಮ್ಮ ಮಾಡುವ ಪತ್ತಿರಿ, ಎಲ್ಲವೂ ವಿಡಿಯೊ ಆಗುತ್ತಿದೆ. ಆದರೆ ಬಹಳಷ್ಟು ವಿಡಿಯೊಗಳಲ್ಲಿ ಮಾತು ಕೇಳುವುದಿಲ್ಲ, ಪರದೆಯ ಮೇಲಿನ ಕನ್ನಡ ಅಕ್ಷರ ಒಡೆದಿರುತ್ತದೆ, ಹಿನ್ನೆಲೆಯಲ್ಲಿ ಯಾವುದೋ ಸಿನಿಮಾ ಹಾಡು ಇರುತ್ತದೆ. ಎರಡು ವಾರ ಕಳೆದು ನೋಡಿದರೆ ವಿಡಿಯೊ ಮೂಕವಾಗಿರುತ್ತದೆ, ಇಲ್ಲವೇ ಕಾಣೆಯಾಗಿರುತ್ತದೆ.

ಕ್ಯಾಮೆರಾ ಒಳ್ಳೆಯದಿದ್ದರೆ ಸಾಕು ಎಂಬ ಭಾವನೆ ಹಲವರಲ್ಲಿದೆ. ಆದರೆ ವಿಡಿಯೊ ಬಾಳುವುದು ಬೇರೆ ಎರಡು ವಿಷಯಗಳ ಮೇಲೆ: ಅದರಲ್ಲಿ ಮಾತಾಡಿದವರ ಧ್ವನಿ ಸ್ಪಷ್ಟವಾಗಿದೆಯೇ, ಮತ್ತು ಅದರಲ್ಲಿ ಇರುವುದೆಲ್ಲ ಯಾರದ್ದು, ಅವರ ಒಪ್ಪಿಗೆ ಇದೆಯೇ. ಈ ಲೇಖನ ಮುಖ್ಯವಾಗಿ ಈ ಎರಡರ ಕುರಿತಾಗಿದೆ. ಉಳಿದವನ್ನು ಬೇಕಾದಷ್ಟೇ ಹೇಳಲಾಗಿದೆ.

ಮಾತು ಗಾಳಿಯಲ್ಲಿ ತೇಲಬಾರದು ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಸರಗೋಡಿನ ತಳಂಗರೆ, ಮಾಲಿಕ್ ದೀನಾರ್ ಮಸೀದಿ ಇರುವ ಊರು. ಅಲ್ಲಿಯ ಬಿಳಿ ಟೊಪ್ಪಿ 'ತಳಂಗರೆ ಟೊಪ್ಪಿ' ಎಂದೇ ಹೆಸರುವಾಸಿ. ಕೈಯಲ್ಲಿ ಹೊಲಿಯುವ ಈ ಟೊಪ್ಪಿ ಒಂದು ಕಾಲದಲ್ಲಿ ಹಲವು ಮನೆಗಳ ಸಂಪಾದನೆಯಾಗಿತ್ತು. ಈಗ ಆ ಕೆಲಸ ಬಲ್ಲ ಕೈಗಳು ತೀರಾ ಕಡಿಮೆ. ನೀವು ಇಬ್ಬರು ಗೆಳೆಯರು ಸೇರಿ ಈ ಟೊಪ್ಪಿಯ ಕುರಿತು 5 ನಿಮಿಷದ ಒಂದು ವಿಡಿಯೊ ಮಾಡಲು ಹೊರಟಿದ್ದೀರಿ ಎಂದುಕೊಳ್ಳಿ.

ಮೊದಲು ಪ್ರಶ್ನೆ, ಆಮೇಲೆ ಕ್ಯಾಮೆರಾ

'ತಳಂಗರೆ ಟೊಪ್ಪಿಯ ಇತಿಹಾಸ' ಎನ್ನುವುದು ಕಥೆಯಲ್ಲ, ಅದು ಒಂದು ವಿಷಯ ಮಾತ್ರ. 'ಈ ಕೆಲಸವನ್ನು ನಿಮ್ಮ ಮಕ್ಕಳು ಯಾಕೆ ಕಲಿಯಲಿಲ್ಲ?' ಎಂಬುದು ಕಥೆ. ವಿಷಯಕ್ಕೆ ಅಂತ್ಯ ಇರುವುದಿಲ್ಲ, ಪ್ರಶ್ನೆಗೆ ಉತ್ತರ ಇರುತ್ತದೆ. ನೋಡುವವರು ಕೊನೆಯವರೆಗೆ ಕೂರುವುದು ಆ ಉತ್ತರಕ್ಕಾಗಿ. ಆದ್ದರಿಂದ ಮನೆಯಿಂದ ಹೊರಡುವ ಮೊದಲೇ ಒಂದು ಸಾಲಿನಲ್ಲಿ ನಿಮ್ಮ ಪ್ರಶ್ನೆಯನ್ನು ಬರೆದುಕೊಳ್ಳಿ. ಒಂದು ಸಾಲಿನಲ್ಲಿ ಬರೆಯಲಾಗದಿದ್ದರೆ ನಿಮಗಿನ್ನೂ ಕಥೆ ಸಿಕ್ಕಿಲ್ಲ ಎಂದರ್ಥ. ಒಂದು ಸಲ ಕ್ಯಾಮೆರಾ ಇಲ್ಲದೆ ಹೋಗಿ ಬನ್ನಿ. ಚಹಾ ಕುಡಿದು, ಮಾತಾಡಿ, ಕೆಲಸ ನೋಡಿ ಬನ್ನಿ. ಎರಡನೇ ಸಲ ಹೋದಾಗ ಸಿಗುವ ಮಾತೇ ಬೇರೆ.

ಸಂದರ್ಶನದಲ್ಲಿ 'ಹೌದು, ಇಲ್ಲ' ಎಂದು ಮುಗಿಯುವ ಪ್ರಶ್ನೆ ಕೇಳಬಾರದು. 'ಈ ಕೆಲಸ ಕಷ್ಟವೇ?' ಎಂದರೆ 'ಹ್ಞೂಂ' ಎನ್ನುತ್ತಾರೆ, ಮುಗಿಯಿತು. 'ಮೊದಲ ಟೊಪ್ಪಿ ಹೊಲಿದದ್ದು ಯಾವಾಗ, ಯಾರು ಕಲಿಸಿದರು?' ಎಂದು ಕೇಳಿ. ನಿಮ್ಮ ಪ್ರಶ್ನೆಯನ್ನು ಆಮೇಲೆ ಕತ್ತರಿಸಿ ತೆಗೆಯುವುದಾದರೆ, ಉತ್ತರ ಹೇಳುವಾಗ ಪ್ರಶ್ನೆಯನ್ನೂ ಸೇರಿಸಿ ಹೇಳಲು ಮೊದಲೇ ವಿನಂತಿಸಿ. ಅವರು ಹೇಳಿ ಮುಗಿಸಿದ ಮೇಲೆ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ. ನಾಲ್ಕೈದು ಸೆಕೆಂಡ್ ಸುಮ್ಮನಿರಿ. ಹೆಚ್ಚಿನವರು ಆ ಮೌನದಲ್ಲೇ ನಿಜವಾದ ಮಾತನ್ನು ಹೇಳುತ್ತಾರೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ಹಿರಿಯರು ಬ್ಯಾರಿಯಲ್ಲಿ ಮಾತಾಡಿದರೆ ಬ್ಯಾರಿಯಲ್ಲೇ ಇರಲಿ, ಕಾಸರಗೋಡಿನ ಮಲಯಾಳದಲ್ಲಿ ಮಾತಾಡಿದರೆ ಹಾಗೆಯೇ ಇರಲಿ. 'ಸ್ವಲ್ಪ ಶುದ್ಧ ಕನ್ನಡದಲ್ಲಿ ಹೇಳಿ' ಎಂದ ಕೂಡಲೇ ಮನುಷ್ಯ ಬಿಗಿಯಾಗುತ್ತಾನೆ, ವೇದಿಕೆಯಲ್ಲಿ ಭಾಷಣ ಮಾಡುವಂತೆ ಮಾತಾಡುತ್ತಾನೆ. ಕನ್ನಡವನ್ನು ಕೆಳಗೆ ಸಬ್‌ಟೈಟಲ್ ಆಗಿ ಕೊಡಬಹುದು. ಬ್ಯಾರಿ ಮಾತಿಗೆ ತಾನಾಗಿ ಬರುವ ಸಬ್‌ಟೈಟಲನ್ನು ನಂಬಬೇಡಿ, ಕೈಯಿಂದಲೇ ಟೈಪ್ ಮಾಡಿ. ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಬೇಡ.

ಧ್ವನಿಗೆ ಮೊದಲ ಮಣೆ

ಮಸುಕಾದ ದೃಶ್ಯವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಹಳೆಯ ಕ್ಯಾಸೆಟ್‌ನ ವಅಳನ್ನು ಈಗಲೂ ಕೇಳುವವರಿದ್ದಾರೆ, ಅದರಲ್ಲಿ ದೃಶ್ಯ ಇತ್ತೇ? ಕೈಯಲ್ಲಿ ಸ್ವಲ್ಪ ಹಣ ಇದ್ದರೆ ಮೊದಲು ಕೊಳ್ಳಬೇಕಾದದ್ದು ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕ್. ಲೈಟ್, ಗಿಂಬಲ್ ಎಲ್ಲ ಆಮೇಲೆ. ಮೈಕ್ ಇಲ್ಲವೆಂದರೆ ಎರಡನೇ ಫೋನನ್ನು ವಾಯ್ಸ್ ರೆಕಾರ್ಡರ್ ಮಾಡಿ ಮಾತಾಡುವವರ ಜೇಬಿನಲ್ಲೋ ಮಡಿಲಿನಲ್ಲೋ ಇಡಿ, ಏರ್‌ಪ್ಲೇನ್ ಮೋಡ್‌ನಲ್ಲಿ. ಎರಡೂ ಫೋನ್ ಚಾಲೂ ಆದ ಮೇಲೆ ಒಮ್ಮೆ ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಚಪ್ಪಾಳೆಯ ಸದ್ದನ್ನು ಹೊಂದಿಸಿದರೆ ತುಟಿಯೂ ಮಾತೂ ಕೂಡಿಕೊಳ್ಳುತ್ತವೆ.

ನಮ್ಮ ಕರಾವಳಿಯಲ್ಲಿ ಧ್ವನಿಗೆ ಶತ್ರುಗಳು ಹಲವು. ಸಮುದ್ರದ ಗಾಳಿ ಮೈಕ್‌ಗೆ ಬಡಿದರೆ 'ಬುರ್' ಎಂಬ ಸದ್ದು ಬರುತ್ತದೆ, ಅದನ್ನು ಆಮೇಲೆ ತೆಗೆಯಲು ಆಗುವುದಿಲ್ಲ. ಮೈಕ್‌ಗೆ ತುಪ್ಪಳದ ಕವಚ ಹಾಕಬೇಕು, ಇಲ್ಲವೇ ಗೋಡೆಯ ಮರೆಗೆ ಹೋಗಬೇಕು. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕೂತು ಸಂದರ್ಶನ ಮಾಡುವುದು ವ್ಯರ್ಥ. ಫ್ಯಾನ್ ಆಫ್ ಮಾಡಿ, ಫ್ರಿಜ್ ಆಫ್ ಮಾಡಿ. ಫ್ರಿಜ್ ಆಫ್ ಮಾಡಿದಾಗ ನಿಮ್ಮ ಬೈಕಿನ ಕೀಯನ್ನು ಅದರೊಳಗೆ ಇಡಿ, ಮರಳಿ ಆನ್ ಮಾಡದೆ ಮನೆಗೆ ಹೊರಡಲು ಆಗುವುದಿಲ್ಲ. ಸೌಂಡ್ ರೆಕಾರ್ಡಿಂಗ್ ಮಾಡುವವರ ಹಳೆಯ ಉಪಾಯ ಇದು. ಬಾಂಗಿನ ಸಮಯವನ್ನು ಮೊದಲೇ ನೋಡಿಕೊಂಡು ಕಾರ್ಯಕ್ರಮ ಹಾಕಿಕೊಳ್ಳಿ, ಅರ್ಧ ಮಾತಿನಲ್ಲಿ ನಿಲ್ಲಿಸಬೇಕಾಗುವುದಿಲ್ಲ.

ಹೊರಡುವ ಮೊದಲು ಅದೇ ಕೋಣೆಯಲ್ಲಿ ಯಾರೂ ಮಾತಾಡದೆ 30 ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಿ. ಖಾಲಿ ಕೋಣೆಗೂ ಒಂದು ಸದ್ದು ಇರುತ್ತದೆ. ಮಾತನ್ನು ಕತ್ತರಿಸಿ ಜೋಡಿಸುವಾಗ ನಡುವಿನ ಜಾಗ ತುಂಬಲು ಅದು ಬೇಕು, ಇಲ್ಲದಿದ್ದರೆ ಪ್ರತಿ ಕತ್ತರಿಯೂ ಕಿವಿಗೆ ಗೊತ್ತಾಗುತ್ತದೆ.

ದೃಶ್ಯದ ಬಗ್ಗೆ ಇಷ್ಟು ಸಾಕು: ಫೋನನ್ನು ಯಾವುದಕ್ಕಾದರೂ ಒರಗಿಸಿ ಸ್ಥಿರವಾಗಿಡಿ, ಜೂಮ್ ಮಾಡುವ ಬದಲು ಹತ್ತಿರ ಹೋಗಿ, ಕಿಟಕಿಯ ಬೆಳಕು ಮಾತಾಡುವವರ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. ಟೊಪ್ಪಿ ಹೊಲಿಯುವ ಕೆಲಸವನ್ನು ದೂರದಿಂದ, ನಡುವಿನಿಂದ, ತೀರಾ ಹತ್ತಿರದಿಂದ, ಹೀಗೆ ಮೂರು ಅಳತೆಯಲ್ಲಿ ತೆಗೆಯಿರಿ. ಪ್ರತಿ ಶಾಟ್ 10 ಸೆಕೆಂಡ್ ಅಲುಗದೆ ಇರಲಿ. ಬಲ್ಬಿನ ಬೆಳಕಿನಲ್ಲಿ ಪರದೆಯ ಮೇಲೆ ಪಟ್ಟೆ ಪಟ್ಟೆಯಾಗಿ ಓಡುವುದು ಕಂಡರೆ ಗಾಬರಿ ಬೇಡ. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದು. ಪ್ರೊ ಮೋಡ್‌ಗೆ ಹೋಗಿ ಶಟರ್ ವೇಗವನ್ನು 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ. ಯೂಟ್ಯೂಬ್‌ಗಾದರೆ ಫೋನ್ ಅಡ್ಡ, ರೀಲ್ಸ್‌ಗಾದರೆ ಉದ್ದ. ಎರಡಕ್ಕೂ ಒಂದೇ ಶಾಟ್ ಬಳಸುತ್ತೇವೆ ಎಂದು ಹೊರಟರೆ ಎರಡೂ ಕೆಡುತ್ತವೆ.

ಇಲ್ಲಿ ನಮ್ಮ ಸಮುದಾಯಕ್ಕೆ ಸಂಬಂಧಿಸಿದ ಒಂದು ವಿಷಯ ಉಂಟು. ಹೊಲಿಗೆ, ಅಡುಗೆ, ಹಾಡು ಬಲ್ಲ ಹಲವು ಮಹಿಳೆಯರಿಗೆ ತಮ್ಮ ಮುಖ ವಿಡಿಯೊದಲ್ಲಿ ಬರುವುದು ಇಷ್ಟವಿಲ್ಲ. ಅದು ಅವರ ಆಯ್ಕೆ. ಅಷ್ಟಕ್ಕೇ 'ಹಾಗಾದರೆ ಗಂಡಸರನ್ನೇ ಕೇಳೋಣ' ಎಂದು ಬಿಟ್ಟುಬಿಡುವವರೇ ಹೆಚ್ಚು. ಕೆಲಸ ಮಾಡಿದವರೊಬ್ಬರು, ಮಾತಾಡುವವರು ಇನ್ನೊಬ್ಬರು ಆಗುತ್ತದೆ. ಕೈಗಳನ್ನು ಮಾತ್ರ ತೋರಿಸಿ ಧ್ವನಿಯನ್ನು ಬಳಸಬಹುದು. ಧ್ವನಿಯೂ ಬೇಡವೆಂದರೆ ಅವರ ಮಾತನ್ನು ಮನೆಯ ಇನ್ನೊಬ್ಬರು ಓದಬಹುದು, ಅಥವಾ ಅಕ್ಷರದಲ್ಲಿ ಕೊಡಬಹುದು. ಸೂಜಿ ಹಿಡಿದ ಹಳೆಯ ಕೈಯ ಒಂದು ಶಾಟ್, ಮುಖ ತೋರಿಸುವ ಹತ್ತು ಶಾಟ್‌ಗಿಂತ ಹೆಚ್ಚು ಹೇಳುವುದುಂಟು.

ಎಡಿಟಿಂಗ್‌ನಲ್ಲಿ ಮೊದಲ 5 ಸೆಕೆಂಡ್ ಮುಖ್ಯ. ಅಲ್ಲಿ ತಿರುಗುವ ಲೋಗೊ, 'ಬೆಲ್ ಬಟನ್ ಒತ್ತಿ' ಎಂಬ ಕೂಗು ಬೇಡ ಮಾರಾಯ್ರೆ. ಸಂದರ್ಶನದ ಅತ್ಯುತ್ತಮ ಸಾಲನ್ನೇ ಮೊದಲಿಗೆ ಇಡಿ. ಹಿರಿಯರು ಕಷ್ಟ ಹೇಳುವಾಗಲೆಲ್ಲ ಅಳುವ ಕೊಳಲು ಹಾಕುವ ಚಾಳಿಯನ್ನೂ ಬಿಟ್ಟರೆ ಒಳ್ಳೆಯದು. ಅವರ ಮಾತಿಗೆ ತೂಕ ಇದ್ದರೆ ಕೊಳಲು ಬೇಡ, ಇಲ್ಲದಿದ್ದರೆ ಕೊಳಲಿನಿಂದ ಬರುವುದಿಲ್ಲ.

ಕನ್ನಡ ಅಕ್ಷರ ಒಡೆಯುವುದೇಕೆ?

ಪೋಸ್ಟರ್ ಮತ್ತು ವಿಡಿಯೊ ಶೀರ್ಷಿಕೆಗಳಲ್ಲಿ ಒತ್ತಕ್ಷರ ಪಕ್ಕಕ್ಕೆ ಬಂದು ಕೂರುವುದು, ಪದಗಳು ಅರ್ಥವಿಲ್ಲದ ಚಿಹ್ನೆಗಳಾಗುವುದು ನಾವೆಲ್ಲ ಕಂಡದ್ದೇ. ಇದಕ್ಕೆ ಎರಡು ಕಾರಣ. ಒಂದು, ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ಅದು ಕಸವಾಗಿ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ಎರಡು, ಪಠ್ಯ ಯೂನಿಕೋಡ್ ಆಗಿದ್ದರೂ ನಿಮ್ಮ ಎಡಿಟಿಂಗ್ ಆ್ಯಪ್‌ಗೆ ಕನ್ನಡದ ಒತ್ತು, ಗುಣಿತಗಳನ್ನು ಜೋಡಿಸಲು ತಿಳಿಯದಿರಬಹುದು. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಾದರೆ ಸೆಟ್ಟಿಂಗ್ಸ್‌ಗೆ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳ ಪಠ್ಯ ಆಯ್ಕೆಯನ್ನು ಆರಿಸಬೇಕು. ಸರಿಯಾಗಿ ತೋರಿಸದ ಆ್ಯಪ್ ಆದರೆ ಶೀರ್ಷಿಕೆಯನ್ನು ಬೇರೆ ಕಡೆ ಚಿತ್ರವಾಗಿ ಮಾಡಿಕೊಂಡು ಅಂಟಿಸುವುದೇ ದಾರಿ.

ಫಾಂಟ್ ಕೂಡ ಒಬ್ಬರ ಶ್ರಮ, ಅದಕ್ಕೂ ಲೈಸನ್ಸ್ ಉಂಟು. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಇವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ವಾಣಿಜ್ಯ ಕೆಲಸಕ್ಕೂ ಬಳಸಬಹುದು. ಒಂದು ಪೋಸ್ಟರ್‌ಗೆ ಎರಡು ಫಾಂಟ್ ಧಾರಾಳ. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ತಲೆಕಟ್ಟು ಮತ್ತು ಗುಣಿತ ಮೇಲೆ ಏರುತ್ತದೆ. ಆದ್ದರಿಂದ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಹೆಚ್ಚು ಜಾಗ ಬಿಡಬೇಕು. ಹಸಿರು ಹಿನ್ನೆಲೆಯ ಮೇಲೆ ಚಿನ್ನದ ಅಕ್ಷರ ನಮ್ಮ ಕಾರ್ಯಕ್ರಮದ ಪೋಸ್ಟರ್‌ಗಳಿಗೆ ಬಹಳ ಪ್ರಿಯ. ನೋಡಲು ಚೆಂದ, ಆದರೆ ಹೊಳಪಿನ ವ್ಯತ್ಯಾಸ ಸಾಲದಿದ್ದರೆ ಓದಲು ಆಗುವುದಿಲ್ಲ. ಚಿಕ್ಕ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಬೇಕೆಂದು ವೆಬ್ ಮಾನದಂಡ ಹೇಳುತ್ತದೆ. ಇದನ್ನು ಅಳೆದು ಹೇಳುವ ಉಚಿತ ಸಾಧನಗಳು ಉಂಟು. ಅದೂ ಬೇಡವೆಂದರೆ ಪೋಸ್ಟರನ್ನು ಕಪ್ಪು ಬಿಳುಪು ಮಾಡಿ, ಅರವತ್ತು ದಾಟಿದ ಒಬ್ಬರ ಕೈಗೆ ಕೊಟ್ಟು ಓದಿಸಿ ನೋಡಿ.

ಕಾಪಿರೈಟ್: ಒಂದು ನಮ್ಮೂರಿನ ಪ್ರಕರಣ

ಕಾಪಿರೈಟ್ ಎಂದರೆ ಬೊಂಬಾಯಿಯ ದೊಡ್ಡ ಕಂಪನಿಗಳ ವಿಷಯ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮನೆಮಾತಾಯಿತು. 2011ರಲ್ಲಿ ಬಂದ 'ಬ್ಯಾರಿ' ನಮ್ಮ ಭಾಷೆಯ ಮೊದಲ ಕಥಾಚಿತ್ರ. ಅತ್ಯುತ್ತಮ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನು ಅದು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಇಡೀ ಸಮುದಾಯ ಹೆಮ್ಮೆಪಟ್ಟ ಸಂದರ್ಭ ಅದು. ಆದರೆ ಚಿತ್ರದ ಕಥೆ ತನ್ನ ಕಾದಂಬರಿಯದ್ದು, ತನ್ನ ಅನುಮತಿ ಪಡೆದಿಲ್ಲ ಎಂದು ಸಾರಾ ಅವರು ಮಂಗಳೂರಿನಲ್ಲಿ ದಾವೆ ಹೂಡಿದರು. ವರ್ಷಗಳ ಬಳಿಕ ನ್ಯಾಯಾಲಯ ಅವರ ವಾದವನ್ನು ಒಪ್ಪಿ, ಚಿತ್ರದ ಮುಂದಿನ ಪ್ರದರ್ಶನ ಮತ್ತು ವಿತರಣೆಗೆ ತಡೆ ಹಾಕಿತು.

ರಾಷ್ಟ್ರಪ್ರಶಸ್ತಿ ಪಡೆದ ಚಿತ್ರವನ್ನೂ ತೋರಿಸುವಂತಿಲ್ಲ ಎಂಬ ಸ್ಥಿತಿ ಬಂತು. ಇದರಲ್ಲಿ ನಷ್ಟ ಯಾರದ್ದು ಎಂದು ಯೋಚಿಸಿ. ಲೇಖಕಿಯ ಹಕ್ಕು ಉಳಿಯಿತು, ಉಳಿಯಲೇಬೇಕಿತ್ತು. ಆದರೆ ತನ್ನ ಭಾಷೆಯ ಮೊದಲ ಸಿನಿಮಾವನ್ನು ನೋಡುವ ದಾರಿ ಹೊಸ ತಲೆಮಾರಿಗೆ ಮುಚ್ಚಿತು. ಇಷ್ಟು ದೊಡ್ಡ ಬೆಲೆ ತೆರಬೇಕಾಗಿ ಬಂದದ್ದು ಬರಹದಲ್ಲಿ ಪಡೆಯದ ಒಂದು ಒಪ್ಪಿಗೆಗೆ.

ಹಾಗಾದರೆ ಹಕ್ಕು ಇರುವುದು ಯಾವುದಕ್ಕೆ? ಭಾರತದ ಕಾಪಿರೈಟ್ ಕಾಯ್ದೆ 1957ರದ್ದು, 2012ರಲ್ಲಿ ದೊಡ್ಡ ತಿದ್ದುಪಡಿ ಆಗಿದೆ. ಆಲೋಚನೆಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಉಂಟು. ನೀವು ತಳಂಗರೆ ಟೊಪ್ಪಿಯ ವಿಡಿಯೊ ಮಾಡಿದಿರಿ ಎಂದು ಬೇರೆಯವರು ಅದೇ ವಿಷಯದಲ್ಲಿ ಮಾಡಬಾರದು ಎಂದೇನೂ ಇಲ್ಲ. ನಿಮ್ಮ ಶಾಟ್, ನಿಮ್ಮ ನಿರೂಪಣೆಯ ವಾಕ್ಯ, ನಿಮ್ಮ ಜೋಡಣೆಯನ್ನು ಎತ್ತಿಕೊಳ್ಳಬಾರದು, ಅಷ್ಟೇ. 1978ರಲ್ಲಿ ಸುಪ್ರೀಂ ಕೋರ್ಟ್ ಆರ್.ಜಿ. ಆನಂದ್ ಎಂಬ ನಾಟಕಕಾರರ ಪ್ರಕರಣದಲ್ಲಿ ಇದನ್ನು ವಿವರವಾಗಿ ಹೇಳಿದೆ. ಅವರ ನಾಟಕಕ್ಕೂ 'ನ್ಯೂ ಡೆಲ್ಲಿ' ಎಂಬ ಹಿಂದಿ ಸಿನಿಮಾಕ್ಕೂ ವಿಷಯ ಒಂದೇ ಆಗಿತ್ತು, ಆದರೆ ಹೇಳಿದ ರೀತಿ ಬೇರೆ ಎಂದು ಕೋರ್ಟ್ ನಾಟಕಕಾರರ ವಾದವನ್ನು ಒಪ್ಪಲಿಲ್ಲ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ 'ಇದು ಅದರದ್ದೇ ನಕಲು' ಎಂದು ಅನಿಸುತ್ತದೆಯೇ ಎಂಬುದೇ ಅಳತೆಗೋಲು.

ಹಕ್ಕು ಸಿಗಲು ನೋಂದಣಿ ಬೇಕಿಲ್ಲ. ಫೋಟೊ ತೆಗೆದ ಕ್ಷಣದಲ್ಲೇ, ಬರೆದ ಕ್ಷಣದಲ್ಲೇ ಅದು ನಿಮ್ಮದು. ಬೇಕಿದ್ದರೆ ದೆಹಲಿಯ ಕಾಪಿರೈಟ್ ಕಚೇರಿಯಲ್ಲಿ ಆನ್‌ಲೈನ್ ಮೂಲಕ ನೋಂದಾಯಿಸಬಹುದು, ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ. ವ್ಯಾಜ್ಯ ಬಂದಾಗ ಅದು ಸಾಕ್ಷಿಗೆ ಒದಗುತ್ತದೆ, ಅಷ್ಟೇ.

ಅವಧಿಯ ಲೆಕ್ಕ ಹೀಗೆ: ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ನೀವು ಅವನ್ನು ಓದಿ ಪಾಡ್‌ಕಾಸ್ಟ್ ಮಾಡಬಹುದು, ಬ್ಯಾರಿಗೆ ಅನುವಾದಿಸಬಹುದು, ರಾಗ ಹಾಕಬಹುದು, ಯಾರನ್ನೂ ಕೇಳಬೇಕಿಲ್ಲ. ಅದೇ ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳು ನಿಧನರಾದದ್ದು 2015ರಲ್ಲಿ. ಅವರ ಕವಿತೆಗಳ ಹಕ್ಕು 2075ರ ಕೊನೆಯವರೆಗೆ ವಾರಸುದಾರರದ್ದು. ಸಾರಾ ಅವರು ನಮ್ಮನ್ನು ಅಗಲಿದ್ದು 2023ರಲ್ಲಿ, ಅವರ ಕೃತಿಗಳು 2083ರ ಕೊನೆಯವರೆಗೆ. ಅನುವಾದ, ನಾಟಕ ರೂಪ, ಗಟ್ಟಿಯಾಗಿ ಓದಿ ಯೂಟ್ಯೂಬ್‌ಗೆ ಹಾಕುವುದು, ಇವೆಲ್ಲಕ್ಕೂ ಅನುಮತಿ ಬೇಕು. 'ಪ್ರಚಾರ ಸಿಗುತ್ತದಲ್ಲ' ಎಂಬುದು ಅನುಮತಿಯಲ್ಲ.

ಒಂದು ಹಾಡಿನಲ್ಲಿ ಎಷ್ಟು ಮಂದಿ?

ಅತಿ ಹೆಚ್ಚು ಗೊಂದಲ ಇರುವುದು ಹಾಡಿನಲ್ಲಿ. ಮಹಾಕವಿ ಮೊಯಿನ್‌ಕುಟ್ಟಿ ವೈದ್ಯರ್ ತೀರಿಕೊಂಡದ್ದು 1892ರಲ್ಲಿ. ಅವರ ಮಾಪ್ಪಿಳ ಪಾಟ್ಟುಗಳ ಸಾಹಿತ್ಯಕ್ಕೆ ಈಗ ಯಾರ ಹಕ್ಕೂ ಇಲ್ಲ. ಹಾಗೆಂದು ಆ ಹಾಡಿನ ಕ್ಯಾಸೆಟ್ ಅಥವಾ ಯೂಟ್ಯೂಬ್ ಆಡಿಯೊ ತೆಗೆದು ನಿಮ್ಮ ವಿಡಿಯೊಗೆ ಹಾಕಬಹುದೇ? ಇಲ್ಲ. ಸಾಹಿತ್ಯ ಒಬ್ಬರದ್ದು, ಹೊಸ ರಾಗ ಹಾಕಿದ್ದರೆ ಅದು ಇನ್ನೊಬ್ಬರದ್ದು, ಹಾಡಿದವರಿಗೆ ಬೇರೆ ಹಕ್ಕು, ರೆಕಾರ್ಡ್ ಮಾಡಿ ಹೊರತಂದವರಿಗೆ ಬೇರೆ ಹಕ್ಕು. ರೆಕಾರ್ಡಿಂಗ್‌ನ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಹಾಡಿದವರ ಹಕ್ಕು 50 ವರ್ಷ. ಒಂದು ಪದರ ಮುಕ್ತವಾದರೆ ಉಳಿದ ಮೂರು ಮುಕ್ತವಾಗುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ನಮ್ಮವರು ಗಮನಿಸುವುದು ಕಡಿಮೆ. ಮದುವೆಯ ಮೈಲಾಂಜಿ ಪಾಟ್, ಒಪ್ಪನ ಪಾಟ್‌ಗಳಲ್ಲಿ ಬಹಳಷ್ಟು ಯಾರು ಕಟ್ಟಿದ್ದೆಂದೇ ಗೊತ್ತಿಲ್ಲದವು. ಅಂಥ ಹಾಡನ್ನು ಒಬ್ಬ ಅಜ್ಜಿ ನಿಮ್ಮ ಫೋನಿನ ಮುಂದೆ ಹಾಡಿದರೆ, ಹಾಡು ಯಾರದ್ದೂ ಅಲ್ಲದಿದ್ದರೂ ಹಾಡುಗಾರಿಕೆ ಆ ಅಜ್ಜಿಯದ್ದು. ಕಾನೂನಿನ ಕಣ್ಣಿನಲ್ಲಿ ಅವರು ಪ್ರದರ್ಶಕಿ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವಂತಿಲ್ಲ, ಪ್ರಸಾರ ಮಾಡುವಂತಿಲ್ಲ. 'ನಮ್ಮ ಅಜ್ಜಿಯೇ ಅಲ್ವಾ' ಎಂದು ನಗಬಹುದು. ಆದರೆ ಆ ರೆಕಾರ್ಡಿಂಗ್ ನಾಳೆ ಒಂದು ಆಲ್ಬಂಗೆ ಹೋದರೆ, ಜಾಹೀರಾತಿಗೆ ಹೋದರೆ? ಅಜ್ಜಿಯ ಹೆಸರೂ ಇರುವುದಿಲ್ಲ, ಹಣವಂತೂ ದೂರವೇ ಉಳಿಯಿತು. ಜನಪದ ಹಾಡು ಎಂಬ ನೆಪದಲ್ಲಿ ಹಾಡಿದವರನ್ನು ಮರೆಯುವುದು ನಮ್ಮಲ್ಲಿ ಮಾಮೂಲಾಗಿಬಿಟ್ಟಿದೆ.

ಮದುವೆ ಮನೆಯ ಹಾಡಿನ ಪ್ರಶ್ನೆ ಬೇರೆ. ಕಾಯ್ದೆಯ 52ನೇ ಕಲಂನಲ್ಲಿ, ಧಾರ್ಮಿಕ ಸಮಾರಂಭದಲ್ಲಿ ಹಾಡು ನುಡಿಸುವುದು ಉಲ್ಲಂಘನೆಯಲ್ಲ ಎಂದಿದೆ. ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ. ಇದನ್ನು ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಪ್ರಕಟಣೆ ಹೊರಡಿಸಿ ನೆನಪಿಸಿತ್ತು. ಆದರೆ ಈ ವಿನಾಯಿತಿ ಆ ಚಪ್ಪರದೊಳಗಿನ ಮಾತು. ಅದೇ ಹಾಡು ಇರುವ ಮದುವೆ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿದರೆ ವಿನಾಯಿತಿ ಜೊತೆಗೆ ಬರುವುದಿಲ್ಲ.

ಇನ್ನು ಮದುವೆಯ ಫೋಟೊ ಯಾರದ್ದು? ಫೋಟೊಗ್ರಾಫರ್‌ನದ್ದು ಎಂದು ಹೆಚ್ಚಿನವರು ಹೇಳುತ್ತಾರೆ. ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊ ಮತ್ತು ವಿಡಿಯೊಗಳ ಮೊದಲ ಹಕ್ಕುದಾರರು ತೆಗೆಸಿದವರು. ಅಂದರೆ ಸ್ಟುಡಿಯೊದವರು ಮದುಮಗಳ ಫೋಟೊವನ್ನು ಕೇಳದೆ ತಮ್ಮ ಇನ್‌ಸ್ಟಾಗ್ರಾಂ ಪುಟಕ್ಕೆ ಹಾಕುವಂತಿಲ್ಲ. ಬುಕ್ಕಿಂಗ್ ಮಾಡುವಾಗ ಸಹಿ ಹಾಕುವ ಕಾಗದದಲ್ಲಿ ಇದಕ್ಕೆ ವಿರುದ್ಧವಾದ ಸಾಲು ಇದೆಯೇ ಎಂದು ಮಾತ್ರ ಓದಿ ನೋಡಿ.

ಮಸೀದಿ, ಹಳೆಯ ಮನೆ, ಸೇತುವೆಗಳ ಫೋಟೊ ತೆಗೆಯಲು ಕಾಪಿರೈಟ್ ಅಡ್ಡಿಯಿಲ್ಲ, ಕಟ್ಟಡದ ಫೋಟೊಗೆ ಕಾಯ್ದೆಯಲ್ಲೇ ವಿನಾಯಿತಿ ಉಂಟು. ಒಳಗೆ ಚಿತ್ರೀಕರಿಸಲು ಜಮಾಅತ್ ಕಮಿಟಿಯನ್ನು ಕೇಳುವುದು ಬೇರೆ ಮರ್ಯಾದೆಯ ವಿಷಯ.

ಚಾಲ್ತಿಯಲ್ಲಿರುವ ಕೆಲವು ತಪ್ಪು ನಂಬಿಕೆಗಳನ್ನು ಇಲ್ಲೇ ತೆಗೆದುಹಾಕೋಣ. 30 ಸೆಕೆಂಡಿನವರೆಗೆ ಯಾವ ಹಾಡನ್ನೂ ಬಳಸಬಹುದು ಎಂಬ ನಿಯಮ ಎಲ್ಲೂ ಇಲ್ಲ. 'ಕಾಪಿರೈಟ್ ಉಲ್ಲಂಘಿಸುವ ಉದ್ದೇಶವಿಲ್ಲ' ಎಂದು ಕೆಳಗೆ ಬರೆದರೆ ಏನೂ ಆಗುವುದಿಲ್ಲ. 'ಕೃಪೆ: ಗೂಗಲ್', 'ಕೃಪೆ: ವಾಟ್ಸಾಪ್' ಎಂಬುದಕ್ಕೆ ಅರ್ಥವೇ ಇಲ್ಲ. ಗೂಗಲ್ ಹುಡುಕಿ ಕೊಡುತ್ತದೆ, ಫೋಟೊ ತೆಗೆದವರು ಬೇರೆಯೇ ಇರುತ್ತಾರೆ. ವಿಮರ್ಶೆ, ಟೀಕೆ, ಪ್ರಚಲಿತ ಸುದ್ದಿಯ ವರದಿ, ಸ್ವಂತ ಅಧ್ಯಯನ ಇವುಗಳಿಗಾಗಿ ಅಗತ್ಯವಿರುವಷ್ಟು ಭಾಗವನ್ನು ನ್ಯಾಯೋಚಿತವಾಗಿ ಬಳಸಲು ಅವಕಾಶ ಇದೆ. ಒಂದು ಕಾದಂಬರಿಯ ವಿಮರ್ಶೆಯಲ್ಲಿ ಎರಡು ಪ್ಯಾರಾ ಉದ್ಧರಿಸುವುದು ಇದರೊಳಗೆ ಬರುತ್ತದೆ, ಇಡೀ ಅಧ್ಯಾಯ ಓದುವುದು ಬರುವುದಿಲ್ಲ. ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿನಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡದವರೆಗೆ ಕಾಯ್ದೆಯಲ್ಲಿದೆ.

ಯೂಟ್ಯೂಬ್‌ನಲ್ಲಿ 'ಕ್ಲೇಮ್' ಮತ್ತು 'ಸ್ಟ್ರೈಕ್' ಎರಡೂ ಒಂದೇ ಎಂದು ಹೆದರುವವರಿದ್ದಾರೆ. ಯಂತ್ರ ಹಾಡನ್ನು ಗುರುತಿಸಿ ಹಾಕುವುದು ಕ್ಲೇಮ್. ವಿಡಿಯೊದ ಆದಾಯ ಹಕ್ಕುದಾರರಿಗೆ ಹೋಗಬಹುದು, ಕೆಲವೊಮ್ಮೆ ವಿಡಿಯೊ ಬ್ಲಾಕ್ ಆಗಬಹುದು. ಹಕ್ಕುದಾರರು ದೂರು ಕೊಟ್ಟು ವಿಡಿಯೊ ತೆಗೆಸಿದರೆ ಬರುವುದು ಸ್ಟ್ರೈಕ್. ಅದು 90 ದಿನ ಇರುತ್ತದೆ, ಮೂರು ಸೇರಿದರೆ ಚಾನೆಲ್ಲೇ ಹೋಗುತ್ತದೆ. ಸುರಕ್ಷಿತ ಸಂಗೀತ ಬೇಕಿದ್ದರೆ ಯೂಟ್ಯೂಬ್ ಆಡಿಯೊ ಲೈಬ್ರರಿಯಲ್ಲಿ ಉಚಿತವಾಗಿ ಉಂಟು. ಕೆಲವಕ್ಕೆ ಸಂಗೀತಗಾರರ ಹೆಸರು ಹಾಕಬೇಕೆಂಬ ಷರತ್ತು ಇರುತ್ತದೆ, ಅದನ್ನು ಪಾಲಿಸಿ. ಇನ್‌ಸ್ಟಾಗ್ರಾಂ ಒಳಗೆ ಸಿಗುವ ಹಾಡು ಇನ್‌ಸ್ಟಾಗ್ರಾಂಗೆ ಮಾತ್ರ. ರೀಲನ್ನು ಡೌನ್‌ಲೋಡ್ ಮಾಡಿ ಯೂಟ್ಯೂಬ್‌ಗೆ ಹಾಕಿದರೆ ಆ ಪರವಾನಗಿ ಹಿಂದೆ ಬರುವುದಿಲ್ಲ. ನಿಮ್ಮ ಸ್ವಂತ ಕೆಲಸವನ್ನು ಇತರರು ಬಳಸಲಿ ಎಂಬ ಮನಸ್ಸಿದ್ದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಬಹುದು. ಹೆಸರು ಹೇಳಿದರೆ ಸಾಕು, ವ್ಯಾಪಾರಕ್ಕೆ ಬೇಡ, ಬದಲಾಯಿಸಬೇಡಿ, ಹೀಗೆ ಷರತ್ತನ್ನು ನೀವೇ ಆರಿಸಬಹುದು.

ಒಪ್ಪಿಗೆ ಮತ್ತು ಕಡತ

ಟೊಪ್ಪಿಯ ವಿಡಿಯೊಗೆ ಮರಳೋಣ. ಚಿತ್ರೀಕರಣದ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಯಾರು, ಯಾವ ದಿನ, ಯಾವ ವಿಷಯಕ್ಕೆ ಮಾತಾಡಿದರು, ಎಲ್ಲಿ ಪ್ರಕಟವಾಗುತ್ತದೆ, ಮುಖ ತೋರಿಸಬಹುದೇ, ಹೆಸರು ಹಾಕಬಹುದೇ, ಹಣ ಬಂದರೆ ಏನು. ಅವರು ಬಲ್ಲ ಭಾಷೆಯಲ್ಲಿ ಓದಿ ಹೇಳಿ ಸಹಿ ಪಡೆಯಿರಿ. ಓದು ಬರಹ ಇಲ್ಲದವರಾದರೆ ಇದೇ ಮಾತುಗಳನ್ನು ಕ್ಯಾಮೆರಾದ ಮುಂದೆ ಕೇಳಿ, ಅವರ 'ಆಗಬಹುದು' ಎಂಬ ಉತ್ತರವನ್ನು ರೆಕಾರ್ಡ್ ಮಾಡಿಕೊಂಡರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ, ಆದರೂ ಮನೆಯ ಒಬ್ಬರ ಸಾಕ್ಷಿ ಸಹಿ ಇರುವ ಕಾಗದ ಇದ್ದರೆ ಒಳ್ಳೆಯದು. ಹಾಡು, ಕಥೆ, ಫೋಟೊಗಳ ಹಕ್ಕನ್ನು ಬರೆದುಕೊಡುವುದಾದರೆ ಕಾಯ್ದೆ ಬರಹವನ್ನೇ ಕೇಳುತ್ತದೆ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಲೆಕ್ಕ. ಗಲ್ಫ್‌ನಲ್ಲಿರುವ ನಮ್ಮವರಿಗೂ ತೋರಿಸುವ ಯೋಚನೆ ಇದ್ದರೆ ಇದನ್ನು ಮರೆಯಬೇಡಿ.

ಪ್ರಕಟಿಸುವ ಮೊದಲು ವಿಡಿಯೊವನ್ನು ಅವರಿಗೆ ತೋರಿಸಿ. ಬಾಯಿ ತಪ್ಪಿ ನೆರೆಮನೆಯವರ ಜಗಳ, ಜಾಗದ ವ್ಯಾಜ್ಯ, ಮಗಳ ಮದುವೆಯ ಸಾಲ ಹೇಳಿರುತ್ತಾರೆ. ಅದು ಕಥೆಗೆ ಎಷ್ಟೇ ಒಪ್ಪಿದರೂ, ಬೇಡ ಎಂದರೆ ತೆಗೆಯಬೇಕು. ಅವರು ಅದೇ ಕೇರಿಯಲ್ಲಿ ಬದುಕಬೇಕು, ನೀವು ಅಪ್‌ಲೋಡ್ ಮಾಡಿ ಹೊರಡುವವರು. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ. ಯಾವುದೇ ಪ್ರಕರಣದಲ್ಲಿ ಸಿಲುಕಿದ, ನೊಂದ, ಸಾಕ್ಷಿಯಾದ ಮಗುವಿನ ಹೆಸರು, ಶಾಲೆ, ಮುಖ, ವಿಳಾಸ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಂಚುವುದೂ ಬೇಡ.

ಹಳೆಯ ಬಂದರಿನ ಫೋಟೊ ಸಿಗಲಿಲ್ಲ ಎಂದು ಎಐ ಆ್ಯಪ್‌ನಲ್ಲಿ 'ಹಳೆಯ ಫೋಟೊ' ಮಾಡಿ ಹಾಕುವವರು ಈಗ ಹೆಚ್ಚಾಗಿದ್ದಾರೆ. ಹಾಕಲೇಬೇಕೆಂದರೆ ಚಿತ್ರದ ಮೇಲೆಯೇ 'ಯಂತ್ರ ರಚಿಸಿದ ಚಿತ್ರ' ಎಂದು ಬರೆಯಿರಿ. ಇಲ್ಲದಿದ್ದರೆ ಹತ್ತು ವರ್ಷದ ಬಳಿಕ ಯಾರೋ ಅದನ್ನೇ ಇತಿಹಾಸದ ಪುಸ್ತಕಕ್ಕೆ ಹಾಕುತ್ತಾರೆ.

ಕೊನೆಯದಾಗಿ ಕಡತಗಳ ವಿಷಯ. ವಾಟ್ಸಾಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, 'ಡಾಕ್ಯುಮೆಂಟ್' ಎಂದು ಕಳಿಸಿದರೆ ಮೂಲ ಹಾಗೆಯೇ ಹೋಗುತ್ತದೆ. ಸಾಮಾನ್ಯ ಫೋನಿನಲ್ಲಿ ಒಂದು ನಿಮಿಷದ ಫುಲ್ ಎಚ್‌ಡಿ ವಿಡಿಯೊ ಸುಮಾರು 60ರಿಂದ 130 ಎಂಬಿ ಹಿಡಿಯುತ್ತದೆ. ಅಂದರೆ ಒಂದು ಗಂಟೆಯ ಸಂದರ್ಶನಕ್ಕೆ 4ರಿಂದ 8 ಜಿಬಿ. ಜಾಗ ಇಲ್ಲವೆಂದು ಮೂಲ ರೆಕಾರ್ಡಿಂಗ್ ಅಳಿಸಿ 5 ನಿಮಿಷದ ವಿಡಿಯೊ ಮಾತ್ರ ಇಟ್ಟುಕೊಳ್ಳಬೇಡಿ. ಉಳಿದ 55 ನಿಮಿಷದಲ್ಲಿ ನೀವು ಬಳಸದ ಬ್ಯಾರಿ ಪದಗಳು, ಊರ ಹೆಸರುಗಳು, ಹಳೆಯ ಅಳತೆಗಳು ಇರುತ್ತವೆ. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ ಇರಲಿ. ಕಡತದ ಹೆಸರಿನಲ್ಲೇ ದಿನಾಂಕ, ಊರು, ವಿಷಯ ಇರಲಿ. ಒಪ್ಪಿಗೆ ಪತ್ರದ ಫೋಟೊ ಅದೇ ಫೋಲ್ಡರಿನಲ್ಲಿರಲಿ. ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಮಾತಾಡಿದವರ ಮನೆಗೂ ಕೊಟ್ಟು ಬನ್ನಿ.